ಅಜ್ಜಿಗೆ ಗೊತ್ತಿಲ್ಲ ಅನ್ನೋದು ಮಗುವಿಗೆ ಯಾವಾಗ ಗೊತ್ತಾಗುತ್ತೆ?

ಪ್ರಶ್ನೆ: ಮೇಡಂ, ಮಗಳಿಗೆ ಮೂರು ವರ್ಷ ಎಂಟು ತಿಂಗಳು. ಬಿಸ್ಕತ್ ಡಬ್ಬಿ ತೋರಿಸಿ ಒಳಗೇನಿದೆ ಅಂದೆ, "ಬಿಸ್ಕತ್" ಅಂದಳು. ತೆಗೆದರೆ ದಾರದ ಉಂಡೆ. ಮತ್ತೆ ಮುಚ್ಚಿ, "ಅಜ್ಜಿ ಒಳಗೆ ನೋಡಿಲ್ಲ, ಏನಿದೆ ಅಂದ್ಕೋತಾರೆ?" ಅಂದರೆ "ದಾರ" ಅಂತಾಳೆ. ಇದು ಆಟಿಸಂ ಲಕ್ಷಣವಾ?

ಮಕ್ಕಳ ಮನಶ್ಶಾಸ್ತ್ರಜ್ಞೆ: ಈ ಉತ್ತರವೊಂದನ್ನೇ ಹಿಡಿದು ಹಾಗೆ ಹೇಳೋಕಾಗಲ್ಲ. ಆ ವಯಸ್ಸಿನ ಬಹಳಷ್ಟು ಮಕ್ಕಳು ಹೀಗೇ ಹೇಳುತ್ತಾರೆ. "ಮುಚ್ಚಳ ತೆಗೆಯೋ ಮುಂಚೆ ನೀನೇನು ಅಂದ್ಕೊಂಡಿದ್ದೆ?" ಅಂತ ಕೇಳಿ, ಅದಕ್ಕೂ "ದಾರ" ಅನ್ನಬಹುದು. ಅದು ಸುಳ್ಳಲ್ಲ. ಈಗ ತಿಳಿದದ್ದನ್ನು ಬದಿಗಿಟ್ಟು, ತನ್ನ ಹಳೆಯ ತಪ್ಪು ನಂಬಿಕೆಯನ್ನೇ ನೆನೆಯುವುದು ಅವಳಿಗಿನ್ನೂ ಕಷ್ಟ. ಸಾಮಾನ್ಯವಾಗಿ ನಾಲ್ಕೈದು ವರ್ಷದ ಹೊತ್ತಿಗೆ ಇದು ಕೂಡಿಬರುತ್ತದೆ.

ಇನ್ನೊಂದು ಬಗೆಯಲ್ಲೂ ನೋಡಬಹುದು. ಮನಶ್ಶಾಸ್ತ್ರಜ್ಞರಾದ ವಿಮ್ಮರ್ ಮತ್ತು ಪೆರ್ನರ್ 1983ರಲ್ಲಿ ಪ್ರಕಟಿಸಿದ ಪರೀಕ್ಷೆಯ ಮಾದರಿ ಇದು. ಎರಡು ಗೊಂಬೆ, ಮುಚ್ಚಳವಿರುವ ಎರಡು ಡಬ್ಬಿ, ಒಂದು ಚೆಂಡು ಸಾಕು. ಮೊದಲ ಗೊಂಬೆ ಚೆಂಡನ್ನು ಕೆಂಪು ಡಬ್ಬಿಯಲ್ಲಿಟ್ಟು ಹೊರಗೆ ಹೋಗಲಿ. ಎರಡನೆಯದು ಅದನ್ನು ನೀಲಿ ಡಬ್ಬಿಗೆ ಹಾಕಲಿ. ಮೊದಲನೆಯದು ವಾಪಸ್ ಬಂದಾಗ, "ಚೆಂಡನ್ನ ಮೊದಲು ಎಲ್ಲಿ ಹುಡುಕುತ್ತೆ?" ಅಂತ ಕೇಳಿ. ಬದಲಿಸಿದ್ದನ್ನು ಅದು ನೋಡಿಲ್ಲ, ಹಾಗಾಗಿ ಕೆಂಪು ಡಬ್ಬಿ ಅನ್ನುವುದೇ ಸರಿ ಉತ್ತರ. "ಮೊದಲು" ಬಿಟ್ಟರೆ, ಎಲ್ಲಿ ಹುಡುಕಿದರೆ ಸಿಗುತ್ತೆ ಅಂತ ಕೇಳ್ತಿದ್ದೀರಿ ಅಂದುಕೊಂಡು ಮಗು ನೀಲಿ ಡಬ್ಬಿ ತೋರಿಸಬಹುದು.

ಆಮೇಲೆ "ಚೆಂಡು ಈಗ ಎಲ್ಲಿದೆ? ಶುರುವಿನಲ್ಲಿ ಎಲ್ಲಿತ್ತು?" ಅಂತಲೂ ಕೇಳಲೇಬೇಕು. ಇವೆರಡರಲ್ಲಿ ಒಂದು ತಪ್ಪಿದರೂ ಆ ಸುತ್ತು ಲೆಕ್ಕಕ್ಕಿಲ್ಲ, ಮಗುವಿಗೆ ಕತೆಯೇ ನೆನಪಿಲ್ಲ ಅಂತಷ್ಟೇ ಅರ್ಥ. ಇರುವುದೇ ಎರಡು ಡಬ್ಬಿ, ಊಹೆಗೇ ಅರ್ಧ ಪಾಲು ಸರಿಯಾಗುತ್ತದೆ. ವಸ್ತು ಬದಲಿಸಿ ಮೂರ್ನಾಲ್ಕು ಸಲ ಮಾಡಿ. ಕೇಳುವಾಗ ನಿಮ್ಮ ಕಣ್ಣು ಯಾವ ಡಬ್ಬಿಯ ಮೇಲೂ ಇರಬಾರದು. "ಸರಿಯಾಗಿ ಯೋಚಿಸು" ಅಂದಿರೋ, ಮಗು ಉತ್ತರ ಬದಲಿಸಿಬಿಡುತ್ತದೆ.

ಆಟಿಸಂ ವಿಷಯಕ್ಕೆ ಬರೋಣ. ಇಂಥದ್ದೇ ಗೊಂಬೆ ಪರೀಕ್ಷೆ ಮಾಡಿದ 1985ರ ಪ್ರಸಿದ್ಧ ಅಧ್ಯಯನದಲ್ಲಿ ಆಟಿಸಂ ಇದ್ದ 20 ಮಕ್ಕಳಲ್ಲಿ 16 ಮಂದಿ ತಪ್ಪು ಹೇಳಿದರು, 4 ಮಂದಿ ಸರಿ ಹೇಳಿದರು. ಸರಿ ಹೇಳಿದರೆ ಆಟಿಸಂ ಇಲ್ಲ ಅಂತಲೂ ಅಲ್ಲ, ತಪ್ಪಿದರೆ ಇದೆ ಅಂತಲೂ ಅಲ್ಲ. ಹೆಸರು ಕರೆದರೆ ತಿರುಗದಿರುವುದು, ಇಷ್ಟವಾದದ್ದನ್ನು ಬೆರಳು ಮಾಡಿ ನಿಮಗೆ ತೋರಿಸದಿರುವುದು, ಅಡುಗೆ ಆಟದಂಥ ನಟನೆಯ ಆಟ ಆಡದಿರುವುದು: ಇಂಥವು ಕಂಡರೆ ತಡಮಾಡದೆ ಮಕ್ಕಳ ತಜ್ಞರಿಗೆ ತೋರಿಸಿ. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲೂ ತಪಾಸಣೆ ಇದೆ.

ಇನ್ನೊಬ್ಬರ ಪ್ರಶ್ನೆ: ನನ್ನ ಮಗನಿಗೆ ಆರು ವರ್ಷ, ಹುಟ್ಟಿನಿಂದ ಕಿವಿ ಕೇಳಿಸಲ್ಲ. ಅವನೂ ಹೀಗೇ ತಪ್ಪು ಹೇಳ್ತಾನೆ. ಬುದ್ಧಿ ಕಡಿಮೆಯಾ?

ವಾಕ್-ಶ್ರವಣ ತಜ್ಞರು: ಅಲ್ಲಮ್ಮ. ಕೇಳಿಸುವ ತಂದೆತಾಯಿಯ ಕಿವುಡ ಮಕ್ಕಳಲ್ಲಿ ಇದು ತಡವಾಗುವುದುಂಟು. ಆದರೆ ಹುಟ್ಟಿದಾಗಿನಿಂದ ಮನೆಯಲ್ಲೇ ಸನ್ನೆ ಭಾಷೆ ಕಲಿತ ಕಿವುಡ ಮಕ್ಕಳು ಕೇಳಿಸುವ ಮಕ್ಕಳ ಸಮಕ್ಕೇ ಇರುತ್ತಾರೆ. ಕೊರತೆ ಮಾತುಕತೆಯದು. "ಊಟ ಮಾಡು, ಬಾ, ಕೊಡು" ಅಷ್ಟಕ್ಕೇ ನಿಲ್ಲಬೇಡಿ, ಯಾರ ಮನಸ್ಸಿನಲ್ಲಿ ಏನಿದೆ ಅನ್ನುವುದನ್ನೂ ಸನ್ನೆಯಲ್ಲಿ ಹೇಳಿ. ಅಪ್ಪನ ಚಿತ್ರ ಬರೆದು, ತಲೆಯ ಮೇಲೆ ಮೋಡದಂಥ ಗುಳ್ಳೆ ಹಾಕಿ, ಅದರೊಳಗೆ, ಅಪ್ಪ ಅಂದ್ಕೊಂಡಿರುವ ಹಾಗೆ, ಬಾಗಿಲ ಹಿಂದಿನ ಛತ್ರಿ ಬಿಡಿಸಿ. ಪಕ್ಕದಲ್ಲಿ ಛತ್ರಿ ನಿಜಕ್ಕೂ ಇರುವ ಮಂಚದ ಕೆಳಭಾಗ. "ಅಪ್ಪ ಎಲ್ಲಿ ಹೋಗಿ ನೋಡ್ತಾರೆ?" ಅಂತ ಕೇಳಿ, ಅಪ್ಪ ನಿಜವಾಗಿ ಹುಡುಕುವುದನ್ನೂ ಅವನಿಗೆ ತೋರಿಸಿ. ಪರೀಕ್ಷೆಯನ್ನೂ ಅವನಿಗೆ ಚೆನ್ನಾಗಿ ಬರುವ ಸನ್ನೆಯಲ್ಲೇ ಮಾಡಿಸಿ. ತುಟಿ ನೋಡಿ ಊಹಿಸಿ ಕೊಟ್ಟ ಉತ್ತರವನ್ನು ನಂಬಬೇಡಿ.