ಸಹಾಯ ಬೇಕು: ರೊಬೋಲಾ ಬಾಟಲಿಯಲ್ಲಿ ಹರಳು, ಹುಳಿಯೂ ಕಮ್ಮಿ

ವೈನ್ ಬಗ್ಗೆ ಗೊತ್ತಿರುವವರು ಸ್ವಲ್ಪ ಹೇಳಿ. ಗ್ರೀಸ್‌ನ ಕೆಫಲೋನಿಯಾ ದ್ವೀಪದಿಂದ ಒಂದೇ ವರ್ಷದ ಎರಡು ರೊಬೋಲಾ (ಅಲ್ಲಿನ ಬಿಳಿ ವೈನ್) ಬಾಟಲಿ ತಂದಿದ್ದೆ. ಐನೋಸ್ ಬೆಟ್ಟದ ಪಕ್ಕ, ಒಮಾಲಾ ಕಣಿವೆಯ ಸುಣ್ಣಕಲ್ಲಿನ ನೆಲದಲ್ಲಿ ಬೆಳೆಯುವ ದ್ರಾಕ್ಷಿ ಅದು. ತೋಟದಲ್ಲಿ ಮಣ್ಣಿಗಿಂತ ಬಿಳಿ ಕಲ್ಲೇ ಜಾಸ್ತಿ ಕಾಣುತ್ತೆ!

ಮೊದಲನೆಯದನ್ನು ಬಂದ ಕೂಡಲೇ ತೆರೆದೆವು. ನಿಂಬೆ ಹುಳಿ, ಕೊನೆಗೆ ಒಂಚೂರು ಉಪ್ಪಿನ ರುಚಿ. ಸೂಪರ್. ಎರಡನೆಯದು ಫ್ರಿಜ್‌ನ ಹಿಂಬದಿಯಲ್ಲಿ ಬಹಳ ದಿನ ಇತ್ತು. ಈಗ ತಳದಲ್ಲಿ ಸಕ್ಕರೆಯಂಥ ಸಣ್ಣ ಹರಳು. ಬೆರಳಲ್ಲಿ ಉಜ್ಜಿದರೆ ಗರಗರ ಅನ್ನುತ್ತೆ, ಬಿಸಿನೀರಿಗೆ ಹಾಕಿದರೆ ಕರಗುತ್ತೆ. ಹಾಗಾಗಿ ಗಾಜಿನ ಚೂರಲ್ಲ, ದ್ರಾಕ್ಷಿಯಲ್ಲೇ ಇರುವ ಟಾರ್ಟಾರಿಕ್ ಆಮ್ಲದ ಲವಣದ (ಪೊಟ್ಯಾಸಿಯಂ ಬೈಟಾರ್ಟ್ರೇಟ್) ಹರಳೇ ಇರಬೇಕು. ತಣ್ಣಗಿಟ್ಟರೆ ಹೀಗಾಗುತ್ತೆ, ಕುಡಿಯಬಹುದು ಅಂತಾರಲ್ವಾ, ಅದರ ಭಯ ಇಲ್ಲ.

ಗೊಂದಲ ಇರೋದು ರುಚಿಯಲ್ಲಿ. ಆ ಚುರುಕು ಹುಳಿ ಕಮ್ಮಿಯಾಗಿದೆ. ಬಣ್ಣ ಹಾಗೇ ಇದೆ, ವಿನೆಗರ್ ವಾಸನೆಯೂ ಇಲ್ಲ. ಸ್ವಲ್ಪ ಹೊತ್ತು ಹೊರಗಿಟ್ಟು ಕುಡಿದೆ, ಬಟ್ಟೆಯಲ್ಲಿ ಸೋಸಿಯೂ ನೋಡಿದೆ. ವ್ಯತ್ಯಾಸ ಇಲ್ಲ.

ಹರಳಾಗಿ ಇಳಿದಷ್ಟು ಆಮ್ಲ ಹೋದರೆ ನಾಲಿಗೆಗೆ ಗೊತ್ತಾಗುವಷ್ಟು ಹುಳಿ ಇಳಿಯುತ್ತಾ? ಅಥವಾ ಕಾರ್ಕ್‌ನಿಂದ ಗಾಳಿ ಒಳಗೆ ಹೋಗಿ ಹೀಗಾಗಿದೆಯಾ?