ಹತ್ತು ಜನ ಆದರೆ ಬಾಟಲಿ ತೆಗೆಯುತ್ತಾರೆ

(ಇದು 2022ರ ಆಗಸ್ಟ್‌ನಲ್ಲಿ ಗ್ರೂಪಿಗೆ ಕಳಿಸಿದ ಮೆಸೇಜು. ಇಲ್ಲಿನ ದುಡ್ಡು, ದಿನ, ನಿಯಮ ಎಲ್ಲ ಆಗಿನವು, ಇವತ್ತಿನವಲ್ಲ.)

ಎಲ್ಲರಿಗೂ ನಮಸ್ಕಾರ. ಪುಟ್ಟಿ ನಿನ್ನೆ ರಾತ್ರಿ ಗ್ರೂಪಿನಲ್ಲಿ ಕೇಳಿದ್ದಳಲ್ಲ, "ಅಮ್ಮನಿಗೂ ನನಗೂ ಕೊರೊನಾ ಲಸಿಕೆಯ ಬೂಸ್ಟರ್, ಅಂದರೆ ಮೂರನೇ ಡೋಸ್, ಹಾಕಿಸಬೇಕು, ಬುಕ್ ಮಾಡಲೇಬೇಕಾ, ದುಡ್ಡು ಎಷ್ಟಾಗುತ್ತೆ" ಅಂತ. ಹನ್ನೊಂದು ಜನ ಹೆಬ್ಬೆರಳು ತೋರಿಸಿದ್ದೀರಿ. ಉತ್ತರ ಮಾತ್ರ ಒಬ್ಬರೂ ಕೊಟ್ಟಿಲ್ಲ. ವಾಯ್ಸ್ ಕಳಿಸೋಣ ಅಂತ ಎರಡು ಸಲ ನೋಡಿದೆ. ಹೆಂಚಿನ ಮೇಲೆ ಬೀಳುವ ಮಳೆ ಸದ್ದಿಗೆ ನನ್ನ ದನಿ ನನಗೇ ಕೇಳಿಸಲಿಲ್ಲ. ಅದಕ್ಕೆ ಟೈಪ್ ಮಾಡುತ್ತಿದ್ದೇನೆ. ಉದ್ದ ಆಗುತ್ತೆ, ಬೈಕೋಬೇಡಿ.

ಮೊದಲು ದುಡ್ಡಿನ ವಿಷಯ. ಈಗ ಫ್ರೀ. ಜುಲೈ 15ರಿಂದ 18 ವರ್ಷ ದಾಟಿದ ಎಲ್ಲರಿಗೂ ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡಿಲ್ಲದೆ ಹಾಕುತ್ತಿದ್ದಾರೆ. ಆದರೆ ಸೆಪ್ಟೆಂಬರ್ 30ರವರೆಗೆ ಮಾತ್ರ. 75 ದಿನ ಅಂತ ಹೇಳಿದ್ದಾರೆ. ನಾನು ಕ್ಯಾಲೆಂಡರ್ ಹಿಡಿದು ಎಣಿಸಿದರೆ 78 ಬಂತು. ಮೂರು ದಿನ ಕೊಸರು ಅಂದುಕೊಳ್ಳಿ. 60 ದಾಟಿದವರಿಗೆ ಮೊದಲಿಂದಲೂ ಫ್ರೀ ಇತ್ತು. ಜನವರಿ 10ರಿಂದ ಬಿಪಿ, ಶುಗರ್ ಅಂತ ಕಾಯಿಲೆ ಇದ್ದವರಿಗೆ, ಮಾರ್ಚ್ 16ರಿಂದ ಎಲ್ಲ ಹಿರಿಯರಿಗೂ. ನಮ್ಮಂಥ ನಡುವಯಸ್ಸಿನವರಿಗೆ ಏಪ್ರಿಲ್ 10ರಿಂದ ಪ್ರೈವೇಟ್‌ನಲ್ಲಿ ಮಾತ್ರ. ಇಂಜೆಕ್ಷನ್‌ಗೆ 225, ಚುಚ್ಚುವ ಚಾರ್ಜು 150ರ ಒಳಗೆ, ಅದರ ಮೇಲೆ ಟ್ಯಾಕ್ಸ್. ಆಗ ನಾನು ಮೈಸೂರಿಗೇ ಹೋಗಿ ಹಾಕಿಸಿಕೊಂಡು ಬರೋಣ ಅಂತ ಹೊರಟಿದ್ದೆ. ಬಸ್ ಚಾರ್ಜು, ಊಟ, ಒಂದು ದಿನದ ಕೆಲಸ ಎಲ್ಲ ಕೂಡಿಸಿ ನಮ್ಮನೆಯವರು ಒಂದು ಮೊತ್ತ ಹೇಳಿದರು. ಚಪ್ಪಲಿ ಬಿಚ್ಚಿಟ್ಟು ಒಳಗೆ ಬಂದೆ.

ಎರಡನೇ ಡೋಸ್ ಆಗಿ ಮೊದಲು 9 ತಿಂಗಳು ಕಾಯಬೇಕಿತ್ತು. ಜುಲೈ 6ಕ್ಕೆ ಅದನ್ನು 6 ತಿಂಗಳಿಗೆ ಇಳಿಸಿದರು. ಪುಟ್ಟಿ, ನಿನ್ನದು ಹೋದ ಡಿಸೆಂಬರ್ ಅಲ್ವಾ? ಹಳೇ ಲೆಕ್ಕದಲ್ಲಿ ಮುಂದಿನ ತಿಂಗಳು ಬರುತ್ತಿತ್ತು, ಈಗಿನ ಲೆಕ್ಕದಲ್ಲಿ ಜೂನ್‌ನಲ್ಲೇ ಆಗಿಹೋಗಿದೆ. ನಡುವೆ ಯಾರಿಗಾದರೂ ಕೊರೊನಾ ಬಂದಿದ್ದರೆ ವಾಸಿಯಾಗಿ 3 ತಿಂಗಳು ಬಿಟ್ಟು ಹೋಗಬೇಕು.

ಇನ್ನು ಬುಕಿಂಗ್ ಕಥೆ. ಎರಡನೇ ಡೋಸಿನಲ್ಲಿ ನಾನು ಬೆಂಗಳೂರಿನಲ್ಲಿರುವ ಮಗನ ನಂಬರ್ ಕೊಟ್ಟಿದ್ದೆ. ಬುದ್ಧಿ ಇಲ್ಲದ ಕೆಲಸ. ಲಸಿಕೆ ಬುಕ್ ಮಾಡುವ ಸರ್ಕಾರಿ ವೆಬ್‌ಸೈಟ್ ಕೋವಿನ್‌ಗೆ ಹೋದರೆ ಒಟಿಪಿ ಅವನ ಮೊಬೈಲ್‌ಗೆ ಬರುತ್ತೆ. ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುವುದು ಕಾಫಿ ಕಣದ ಆ ತುದಿಯಲ್ಲಿ, ನೀರಿನ ಟ್ಯಾಂಕ್ ಪಕ್ಕ ಮಾತ್ರ. ಒಂದು ಕೈಯಲ್ಲಿ ಕೊಡೆ, ಒಂದು ಕೈಯಲ್ಲಿ ಮೊಬೈಲ್ ಹಿಡಿದು ನಿಂತೆ. ಅವನು ಮೀಟಿಂಗ್‌ನಲ್ಲಿ. ಅವನು ನೋಡಿ, ನನಗೆ ಕಳಿಸಿ, ನಾನು ಒದ್ದೆ ಬೆರಳಿನಲ್ಲಿ ಒತ್ತುವಷ್ಟರಲ್ಲಿ ಟೈಮ್ ಮುಗಿಯಿತು. ಮತ್ತೆ ಕಳಿಸು ಅಂದೆ. ಮತ್ತೆ ಮುಗಿಯಿತು. ನಾಲ್ಕನೇ ಸಲಕ್ಕೆ ಆಯಿತು. ಮನೆಗೆ ಬಂದು ನೋಡಿದರೆ ಕಾಲಿನಲ್ಲಿ ಮೂರು ಜಿಗಣೆ.

ನನ್ನ ನಾದಿನಿ ಇದಕ್ಕಿಂತ ದೊಡ್ಡ ಎಡವಟ್ಟು ಮಾಡಿದ್ದಾಳೆ. ಹಳೇ ಸಿಮ್ ಇಲ್ಲ ಅಂತ ಹೊಸ ನಂಬರ್‌ನಲ್ಲಿ ಹೊಸದಾಗಿ ಹೆಸರು ಸೇರಿಸಿದಳು. ಕಂಪ್ಯೂಟರ್ ಅವಳಿಗೆ ಇನ್ನೂ ಮೊದಲನೇ ಡೋಸೇ ಆಗಿಲ್ಲ ಅಂತ ತೋರಿಸುತ್ತಿದೆ. ಆದ್ದರಿಂದ ಹೊಸದಾಗಿ ರಿಜಿಸ್ಟರ್ ಮಾಡಲೇಬೇಡಿ. ಹಳೇ ನಂಬರ್, ಅದೇ ಆಧಾರ್, ಎರಡನೇ ಡೋಸಿನ ಸರ್ಟಿಫಿಕೇಟ್, ಈ ಮೂರು ಇದ್ದರೆ ಬುಕ್ ಮಾಡದೆ ನೇರ ಹೋದರೂ ಹಾಕುತ್ತಾರೆ.

ಇಷ್ಟೆಲ್ಲ ಕಷ್ಟಪಟ್ಟು ಹತ್ತು ಗಂಟೆ ಸ್ಲಾಟ್ ಹಿಡಿದೆನಲ್ಲ, ಹತ್ತಕ್ಕೆ ಹತ್ತು ನಿಮಿಷ ಇರುವಾಗಲೇ ಹೋದೆ. ಯಾವ ಆಸ್ಪತ್ರೆ ಅಂತ ಇಲ್ಲಿ ಬರೆಯುವುದಿಲ್ಲ, ಪಾಪ ಅವರದೇನೂ ತಪ್ಪಿಲ್ಲ. ಆರು ಜನ ಕೂತಿದ್ದೆವು. ಸಿಸ್ಟರ್ ಬಂದು ತಲೆ ಎಣಿಸಿದರು, ಒಳಗೆ ಹೋದರು. ಅರ್ಧ ಗಂಟೆಗೆ ಮತ್ತೆ ಬಂದು ಎಣಿಸಿದರು, ಒಳಗೆ ಹೋದರು. ನನಗೆ ಸಿಟ್ಟು ಬಂತು. "ನನ್ನದು ಹತ್ತು ಗಂಟೆ ಸ್ಲಾಟ್" ಅಂತ ಮೊಬೈಲ್ ತೋರಿಸಿದೆ. ಆಕೆ ಸಮಾಧಾನವಾಗಿ ಹೇಳಿದರು: "ಅಮ್ಮಾ, ಕೋವಿಶೀಲ್ಡ್ ಒಂದು ಬಾಟಲಿಯಲ್ಲಿ ಹತ್ತು ಜನಕ್ಕೆ ಇರುತ್ತೆ. ಮುಚ್ಚಳ ತೆಗೆದ ಮೇಲೆ ನಾಲ್ಕು ತಾಸಿನ ಒಳಗೆ ಮುಗಿಸಬೇಕು, ಉಳಿದರೆ ಚೆಲ್ಲಬೇಕು. ಇನ್ನು ನಾಲ್ಕು ಜನ ಬರಲಿ."

ಆಗ ಅರ್ಥ ಆಯಿತು. ಸ್ಲಾಟ್ ನನ್ನದಾದರೂ ಬಾಟಲಿ ಹತ್ತು ಜನರದ್ದು.

ಹೊರಗೆ ಧೋ ಅಂತ ಮಳೆ. ಒಂದು ಗಂಟೆಯ ಬಸ್ ತಪ್ಪಿದರೆ ನನಗೆ ಮುಂದಿನದು ನಾಲ್ಕಕ್ಕೆ. ಸುಮ್ನೆ ಕೂತು ಏನು ಮಾಡಲಿ? ಕೊಡೆ ಬಿಚ್ಚಿಕೊಂಡು ನಾನೇ ಜನ ಹಿಡಿಯಲು ಹೊರಟೆ. ಗೇಟಿನ ಹತ್ತಿರ ಆಟೋದವರು ಇಬ್ಬರು ಇದ್ದರು. ಒಬ್ಬರದು ಡಿಸೆಂಬರ್‌ನಲ್ಲಿ ಎರಡನೇ ಡೋಸ್, ಬಂದರು. ಇನ್ನೊಬ್ಬರದು ಮಾರ್ಚ್, ಆರು ತಿಂಗಳು ಆಗಿಲ್ಲ. ಟೀ ಅಂಗಡಿಯವರು "ಕೈ ನೋವು ಬಂದರೆ ಪರೋಟ ಯಾರು ತಟ್ಟುತ್ತಾರೆ" ಅಂತ ಕೇಳಿದರು, ಆದರೂ ಹೆಂಡತಿಯನ್ನು ಕಳಿಸಿದರು. ಅಷ್ಟರಲ್ಲಿ ಒಂದು ತೋಟದ ಜೀಪಿನಲ್ಲಿ ಕೆಲಸಗಾರರ ಲೈನ್ ಮನೆಯ ಹೆಂಗಸೊಬ್ಬರು ಮಗುವಿನ ಜ್ವರಕ್ಕೆ ಔಷಧಿ ತೆಗೆದುಕೊಂಡು ಹೋಗಲು ಬಂದಿದ್ದರು. ಸರ್ಟಿಫಿಕೇಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಮಡಚಿ ಬ್ಯಾಗಿನಲ್ಲೇ ಇಟ್ಟುಕೊಂಡಿದ್ದರು. ನಮ್ಮಂಥವರು ಮೊಬೈಲಿನಲ್ಲಿ ಹುಡುಕುತ್ತಾ ಕೂರುತ್ತೇವೆ, ಆಕೆ ಎರಡು ಸೆಕೆಂಡಿನಲ್ಲಿ ತೆಗೆದು ಕೊಟ್ಟರು.

ಒಂಬತ್ತು ಆಯಿತು. ಹತ್ತನೆಯವರು ಬರಲೇ ಇಲ್ಲ. ಸಿಸ್ಟರ್ ಗಡಿಯಾರ ನೋಡಿದರು, ಹೊರಗಿನ ಮಳೆ ನೋಡಿದರು, ನನ್ನ ಮುಖ ನೋಡಿದರು. ಬಾಟಲಿ ತೆಗೆದೇಬಿಟ್ಟರು. ಆ ಒಂಬತ್ತು ಜನರಲ್ಲಿ ಬುಕ್ ಮಾಡಿ ಬಂದವರು ಎಷ್ಟು ಅಂದರೆ, ನಾನು ಮತ್ತು ಒಬ್ಬ ಕಾಲೇಜು ಹುಡುಗ. ಇಬ್ಬರೇ.

ಹಾಕಿದ ಮೇಲೆ ಅರ್ಧ ಗಂಟೆ ಕೂರಿಸುತ್ತಾರೆ. ಬಸ್ ಹೇಗೋ ಸಿಕ್ಕಿತು. ರಾತ್ರಿ ಸ್ವಲ್ಪ ಮೈ ಬಿಸಿ, ಪ್ಯಾರಾಸಿಟಮಾಲ್ ನುಂಗಿ ಮಲಗಿದೆ. ತೋಳು ಮಾತ್ರ ಎರಡು ದಿನ ಎತ್ತಲು ಆಗಲಿಲ್ಲ. ಮಾರನೇ ದಿನವೇ ನಮ್ಮ ಗದ್ದೆಯಲ್ಲಿ ನಾಟಿ ಇಟ್ಟುಕೊಂಡಿದ್ದೆವು. ಸಸಿ ಹಿಡಿದು ನಿಂತವಳು ಹತ್ತು ನಿಮಿಷಕ್ಕೆ ಬದಿಗೆ ಬಂದು ಕೂತೆ. ನಾಟಿ ಬಾಕಿ ಇರುವವರು ಅದನ್ನು ಮುಗಿಸಿಯೇ ಹೋಗಿ.

ದೊಡ್ಡಪ್ಪ, ಇದು ನಿಮಗೆ. ನೀವು ಮೊನ್ನೆ ಹೇಳಿದಿರಲ್ಲ, "ಆಟಿ ತಿಂಗಳ 18ಕ್ಕೆ ಮದ್ದು ಸೊಪ್ಪಿನ ಪಾಯಸ ತಿಂದಿದ್ದೇನೆ, 18 ಥರ ಔಷಧಿ ಮೈಗೆ ಸೇರಿದೆ, ಹತ್ತೊಂಬತ್ತನೆಯದು ಯಾಕೆ" ಅಂತ. ನಾನೂ ಬಟ್ಟಲು ತುಂಬ ತಿಂದವಳೇ. ಆದರೆ ದೊಡ್ಡಪ್ಪ, ನೀವು ಮದ್ದು ಸೊಪ್ಪನ್ನು ಚಿಕ್ಕಂದಿನಲ್ಲಿ ಎರಡು ಸಲ ತಿಂದು ಸಾಕು ಅಂತ ಬಿಟ್ಟಿರಾ? ವರ್ಷಾವರ್ಷ ತಿನ್ನುತ್ತೀರಿ. ಇದೂ ಹಾಗೇ. ಮೊದಲಿನ ಎರಡು ಡೋಸಿನ ಬಲ ತಿಂಗಳು ಕಳೆದ ಹಾಗೆ ಇಳಿಯುತ್ತೆ. ಮತ್ತೆ ಏರಿಸುವುದಕ್ಕೇ ಮೂರನೆಯದು. ಹಾಕಿಸಿಕೊಂಡರೂ ನೆಗಡಿ ಕೆಮ್ಮು ಬರಬಹುದು, ಬರುವುದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಆಸ್ಪತ್ರೆ ಸೇರುವಷ್ಟು ಜೋರಾಗುವುದು ಕಡಿಮೆ. ನಿಮಗೆ 74, ಶುಗರ್ ಬೇರೆ. ನಮ್ಮೆಲ್ಲರಿಗಿಂತ ಮೊದಲು ಹಾಕಿಸಿಕೊಳ್ಳಬೇಕಾದವರು ನೀವು, ಏಳು ತಿಂಗಳಿಂದ ಜಾಗ ಖಾಲಿ ಇಟ್ಟುಕೊಂಡು ಕಾಯುತ್ತಿದ್ದಾರೆ.

ಈಗ ನನ್ನ ಲೆಕ್ಕ ಕೇಳಿ. ಒಬ್ಬೊಬ್ಬರೇ ಹೋಗಿ ಅಲ್ಲಿ ಜನ ಹುಡುಕುವ ಬದಲು ನಾವೇ ಹತ್ತು ಜನ ಒಟ್ಟಿಗೆ ಹೋಗೋಣ. ಗಣೇಶನ ಹಬ್ಬ, ಕೈಲ್ ಮುಹೂರ್ತದ ಹಬ್ಬ ಅಂತ ಶುರುವಾದರೆ ಸೆಪ್ಟೆಂಬರ್ ಹೇಗೆ ಓಡುತ್ತೆ ಅಂತ ಗೊತ್ತೇ ಆಗುವುದಿಲ್ಲ. ಅದಕ್ಕೆ ಮೊದಲೇ, ಮುಂದಿನ ಶನಿವಾರ ಅಂದುಕೊಂಡಿದ್ದೇನೆ. ಊರಿನ ಆರೋಗ್ಯ ಕಾರ್ಯಕರ್ತೆ ಆಶಾ ಅಕ್ಕನಿಗೆ ಹೇಳಿದ್ದೇನೆ, ಹಿಂದಿನ ದಿನ ಫೋನ್ ಮಾಡಿದರೆ ಸಾಕಂತೆ. ನನ್ನದು ಆಗಿದೆ, ಆದರೂ ಜೀಪಿನಲ್ಲಿ ಜೊತೆಗೆ ಬರುತ್ತೇನೆ.

ಪುಟ್ಟಿ, ಅವಳ ಅಮ್ಮ, ನಮ್ಮನೆಯವರು, ನಾದಿನಿ (ಅವಳ ಹಳೇ ಸಿಮ್ ಹುಡುಕಿದರೆ), ಮೇಲಿನ ಮನೆ ಅಣ್ಣ ಅತ್ತಿಗೆ. ಆರು. ದೊಡ್ಡಪ್ಪ ದೊಡ್ಡಮ್ಮ ಹ್ಞೂಂ ಅಂದರೆ ಎಂಟು. ಇನ್ನೆರಡು ಹೆಸರು ಕೆಳಗೆ ಹಾಕಿ. ಎಲ್ಲರದ್ದೂ ಮೊದಲಿನ ಎರಡು ಡೋಸ್ ಕೋವಿಶೀಲ್ಡ್ ಆಗಿರಬೇಕು. ಕೋವ್ಯಾಕ್ಸಿನ್ ಹಾಕಿಸಿಕೊಂಡವರು ಇದ್ದರೆ ಈಗಲೇ ಹೇಳಿ, ಆ ಬಾಟಲಿಗೆ ಬೇರೆ ಜನ ಸೇರಿಸಬೇಕಾಗುತ್ತೆ. ಈ ತಿಂಗಳಿಂದ ಇವೆರಡರಲ್ಲಿ ಯಾವುದು ಹಾಕಿಸಿಕೊಂಡಿದ್ದವರೂ ಕಾರ್ಬೆವ್ಯಾಕ್ಸ್ ಅನ್ನುವ ಇನ್ನೊಂದು ಲಸಿಕೆ ಹಾಕಿಸಿಕೊಳ್ಳಬಹುದು ಅಂತ ಆಗಿದೆ, ಅದು ಅವತ್ತು ನಮ್ಮಲ್ಲಿ ಇರುತ್ತಾ ಅಂತ ಆಶಾ ಅಕ್ಕನನ್ನೇ ಕೇಳುತ್ತೇನೆ.

ಹೆಬ್ಬೆರಳು ಬೇಡ, ಹೆಸರು ಬರೆಯಿರಿ. ನಾನು ಇನ್ನೂ ಟ್ಯಾಂಕ್ ಪಕ್ಕದಲ್ಲೇ ನಿಂತಿದ್ದೇನೆ.