ಸಹಾಯ ಬೇಕು: 9 ತಿಂಗಳ ಪಿಸಿವಿ (ನ್ಯುಮೋನಿಯಾ ತಡೆಯೋ ಲಸಿಕೆ) ಬೂಸ್ಟರ್ ಬಗ್ಗೆ

ಎಲ್ಲರಿಗೂ ನಮಸ್ಕಾರ. ಮಗಳಿಗೆ 6 ವಾರ, 14 ವಾರದ ಪಿಸಿವಿ ನಮ್ಮೂರ ಪಿಎಚ್‌ಸಿಯಲ್ಲೇ ಉಚಿತವಾಗಿ ಆಗಿದೆ. ಬ್ಯಾಕ್ಟೀರಿಯಾದ 10 ತಳಿಗಳನ್ನು ತಡೆಯೋ ನ್ಯುಮೋಸಿಲ್ ಅನ್ನೋ ಬ್ರ್ಯಾಂಡ್ ಹಾಕಿದ್ದಾರೆ. ಈಗ ಬೂಸ್ಟರ್ ಬಾಕಿ. ಖಾಸಗಿ ಡಾಕ್ಟರು 13 ತಳಿಯದ್ದನ್ನೇ ಹಾಕಿಸಿ ಅಂತಾರೆ, ಆಶಾ ಅಕ್ಕ ಇಲ್ಲೇ ಮುಗಿಸಿ ಅಂತಾರೆ. ಈ ಲಸಿಕೆ ತಡೆಯೋ ನ್ಯುಮೊಕಾಕಸ್ ಬ್ಯಾಕ್ಟೀರಿಯಾದಲ್ಲಿ ನೂರರಷ್ಟು ತಳಿ ಇವೆಯಂತೆ, ಯಾವ ಲಸಿಕೆಯೂ ಎಲ್ಲವನ್ನೂ ತಡೆಯಲ್ಲ. ಹಾಗಿರುವಾಗ ಇನ್ನು ಮೂರು ತಳಿಗಾಗಿ ಸಾವಿರಾರು ರೂಪಾಯಿ ಸುರಿಯಬೇಕಾ? ಮಧ್ಯದಲ್ಲಿ ಕಂಪನಿ ಬದಲಿಸಿದರೆ ತೊಂದರೆ ಇಲ್ವಾ?

ಇನ್ನೊಂದು ವಿಷಯ. ಮನೇಲಿ ಸಕ್ಕರೆ ಕಾಯಿಲೆ ಇರೋ ಮಾವನವರಿದ್ದಾರೆ. ಲಸಿಕೆಯಿಂದ ಮಕ್ಕಳ ಮೂಗು, ಗಂಟಲಲ್ಲಿ ಈ ಬ್ಯಾಕ್ಟೀರಿಯಾ ಕಡಿಮೆಯಾಗಿ, ವಯಸ್ಸಾದವರಿಗೆ ಹರಡೋದೂ ತಗ್ಗುತ್ತೆ, ನಿಜ. ಆದರೂ ಅವರಿಗೆ ಬೇರೆಯಾಗಿ ಹಾಕಿಸಬೇಕಾ, ಯಾವುದು? ಮಕ್ಕಳ ಡಾಕ್ಟರು, ನರ್ಸ್ ಯಾರಾದ್ರೂ ಗುಂಪಲ್ಲಿದ್ದರೆ ದಯವಿಟ್ಟು ತಿಳಿಸಿ. ಗುರುವಾರ ಲಸಿಕೆ ದಿನ, ಅದಕ್ಕೆ ಮುಂಚೆ ಹೇಳಿದ್ರೆ ಉಪಕಾರ.